ಬೌಲ್ಡರ್ ಡ್ಯಾಷ್, ರೆಪ್ಟನ್, ಸುಪಾಪ್ಲೆಕ್ಸ್: ಮೂರರಲ್ಲಿ ನನ್ನ ಓಟು ಯಾವುದಕ್ಕೆ?

ಮಣ್ಣು ಅಗೆಯಬೇಕು, ವಜ್ರ ಆರಿಸಬೇಕು, ತಲೆ ಮೇಲೆ ಬಂಡೆ ಬೀಳದ ಹಾಗೆ ನೋಡಿಕೊಳ್ಳಬೇಕು. ಈ ಮೂರೂ ಹಳೇ ಕಂಪ್ಯೂಟರ್ ಆಟಗಳ ಕೆಲಸ ಹೆಚ್ಚುಕಮ್ಮಿ ಇಷ್ಟೇ. ನಾನು ಆಡಿದ್ದು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಯಂತ್ರದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶದಲ್ಲಿ.

ಮೊದಲು ಬಂದದ್ದು ಬೌಲ್ಡರ್ ಡ್ಯಾಷ್. ಕೆನಡಾದ ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ ಮಾಡಿದ್ದು, 1984ರಲ್ಲಿ ಅಟಾರಿ ಕಂಪ್ಯೂಟರಿಗೆ ಬಂತು. ಎ ಇಂದ ಪಿ ವರೆಗೆ 16 ಗುಹೆ, 5 ಹಂತದ ಕಷ್ಟ. ಇದರ ಸೊಗಸೆಲ್ಲ ಬಂಡೆಗಳ ನಡವಳಿಕೆಯಲ್ಲಿದೆ. ನೆತ್ತಿ ಮೇಲೆಯೇ ಬಂಡೆ ಇದ್ದರೂ ಅಲ್ಲಾಡದೆ ನಿಂತರೆ ಅದು ಬೀಳುವುದಿಲ್ಲ. ಕೆಳಗೆ ಒಂದು ಹೆಜ್ಜೆ ಇಟ್ಟಿರೋ, ಬೆನ್ನಟ್ಟಿ ಬರುತ್ತದೆ. ಚಿಟ್ಟೆ ಮೇಲೆ ಬಂಡೆ ಕೆಡವಿದರೆ ಅದು ಸಿಡಿದು 9 ವಜ್ರವಾಗುತ್ತದೆ. ಮಣ್ಣಲ್ಲಿ ಹರಡುತ್ತಾ ಹೋಗುವ ಅಮೀಬಾವನ್ನು ತೀರಾ ಹಬ್ಬಲು ಬಿಟ್ಟರೆ ಅದು ಪೂರ್ತಿ ಬಂಡೆಯಾಗುತ್ತದೆ, ಸುತ್ತ ಕಟ್ಟಿಹಾಕಿದರೆ ವಜ್ರ. ಬಂಡೆ ತಳ್ಳುವುದೂ ಅದೃಷ್ಟದಾಟವೇ: ಪ್ರತಿ ಬಾರಿ ಜರುಗುವ ಅವಕಾಶ 8ರಲ್ಲಿ 1. ಸಮಯ ಮುಗಿಯುತ್ತಾ ಬಂದಾಗ ಬಂಡೆ ಜಪ್ಪಯ್ಯ ಅಂದರೂ ಕದಲದಿದ್ದರೆ ಮೈ ಉರಿಯುತ್ತದೆ! ಆದರೂ ಸುಮ್ನೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ರೆಪ್ಟನ್ 1985ರದು. ಟಿಮ್ ಟೈಲರ್ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರಿಗೆ ಬರೆದದ್ದು. ಬೌಲ್ಡರ್ ಡ್ಯಾಷ್‌ನಲ್ಲಿ ಕೇಳಿದಷ್ಟು ವಜ್ರ ಸಿಕ್ಕರೆ ಬಾಗಿಲು ತೆರೆಯುತ್ತದೆ. ಇಲ್ಲಿ ಹಾಗಲ್ಲ, ಒಂದೂ ಬಿಡುವಂತಿಲ್ಲ. ಒಂದು ಬಂಡೆ ತಪ್ಪು ಜಾಗಕ್ಕೆ ಉರುಳಿದರೆ ಮತ್ತೆ ಮೊದಲಿಂದ. ಮೊಟ್ಟೆ ಬಿದ್ದು ಒಡೆದರೆ ಒಳಗಿಂದ ರಾಕ್ಷಸ ಬೇರೆ. ಹಂತಗಳಿಗೆ ಪಾಸ್‌ವರ್ಡ್ ಇದೆ, ಅದೊಂದು ಪುಣ್ಯ. ನನಗೆ ಇದು ಸ್ವಲ್ಪ ಪರೀಕ್ಷೆ ಬರೆದ ಹಾಗನ್ನಿಸಿತು.

1991ರ ಸುಪಾಪ್ಲೆಕ್ಸ್ ಕಥೆಯನ್ನು ಕಂಪ್ಯೂಟರ್ ಒಳಗೆ ತಂದಿದೆ. ವಿಂಡೋಸ್‌ಗೂ ಹಿಂದಿನ ಪಿಸಿ ವ್ಯವಸ್ಥೆಯಾದ ಡಾಸ್‌ನಲ್ಲೂ ಓಡುತ್ತಿತ್ತು. ಮಣ್ಣಿನ ಬದಲು ಸರ್ಕ್ಯೂಟ್ ಬೋರ್ಡ್, ವಜ್ರದ ಬದಲು ಇನ್ಫೋಟ್ರಾನ್. 111 ಹಂತಗಳು, ಸಮಯದ ಮಿತಿ ಇಲ್ಲ. ಒಂದೇ ದಿಕ್ಕಿಗೆ ಬಿಡುವ ಪೋರ್ಟ್‌ಗಳು, ಗುರುತ್ವಾಕರ್ಷಣೆ ಇರುವ ಹಂತಗಳು, ನಾವೇ ಇಟ್ಟು ಸಿಡಿಸುವ ಕೆಂಪು ಡಿಸ್ಕ್‌ಗಳು, ಹೀಗೆ ತಲೆ ಕೆಡಿಸಲು ಬೇಕಾದಷ್ಟಿದೆ. ಸಿಕ್ಕಿಬಿದ್ದರೆ 3 ಹಂತಗಳವರೆಗೆ ಹಾರಿಸಬಹುದು, ಆಮೇಲೆ ಹಿಂದೆ ಹೋಗಿ ಬಿಡಿಸಲೇಬೇಕು.

ಒಗಟು ಬಿಡಿಸುವ ಚಟ ಇದ್ದವರಿಗೆ ಸುಪಾಪ್ಲೆಕ್ಸೇ ಸರಿ, ವಾರಗಟ್ಟಲೆ ಸಾಕಾಗುತ್ತದೆ. ನನ್ನ ಓಟು ಮಾತ್ರ ಬೌಲ್ಡರ್ ಡ್ಯಾಷ್‌ಗೆ. ಲೆಕ್ಕ ಹಾಕುತ್ತಲೇ ಓಡಬೇಕಾದ ಆ ಗಡಿಬಿಡಿ ಉಳಿದೆರಡರಲ್ಲಿ ಅಷ್ಟು ಸಿಗಲಿಲ್ಲ. ಎ ಗುಹೆ ಬೇಜಾರಾದರೆ ನೇರ ಇ, ಐ ಅಥವಾ ಎಮ್ ಗುಹೆಯಿಂದಲೂ ಶುರು ಮಾಡಬಹುದು.