ಹಳೆ ರಿವಾಲ್ವರ್ ಕೊಳ್ಳುವವರು ಸಿಲಿಂಡರ್ ಅಲ್ಲಾಡಿಸಿ ನೋಡಿ

ನಮ್ಮದು ಕಾಸರಗೋಡಿನ ಪೆರ್ಲದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಮೂರು ಚೀಲ ಸುಲಿದ ಅಡಿಕೆ ರಾತ್ರೋರಾತ್ರಿ ಕಳವಾಯಿತು. ಆಗಲೇ ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕಿದ್ದು. ಪೊಲೀಸ್ ವಿಚಾರಣೆ, ಕಲೆಕ್ಟರ್ ಆಫೀಸಿನ ಅಲೆದಾಟ ಎಲ್ಲ ಮುಗಿದು ಅದು ಕೈಗೆ ಬಂದಾಗ, ಹೊಸತು ಕೊಳ್ಳುವಷ್ಟು ದುಡ್ಡಿರಲಿಲ್ಲ.

ಪರಿಚಯದವರೊಬ್ಬರು ತಮ್ಮ ಪಾಯಿಂಟ್ 32 (ಗುಂಡಿನ ಅಳತೆ) ರಿವಾಲ್ವರ್ ಕೊಡುತ್ತೇನೆಂದರು. ಕಾನ್ಪುರದ ಸರ್ಕಾರಿ ಕಾರ್ಖಾನೆಯದು. "ನಾಲ್ಕು ಗುಂಡು ಹೊಡೆದದ್ದಷ್ಟೇ ಭಾವ" ಅಂದರು. ಕಾಗದಪತ್ರ ಸರಿಯಿತ್ತು. ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಸ್ಟೇಷನ್ನಿಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅದನ್ನೂ ಮಾಡಿದ್ದರು. ರಿವಾಲ್ವರಿನ ಮೇಲಿನ ನಂಬರ್ ಕೂಡ ಕಾಗದಕ್ಕೆ ತಾಳೆಯಾಯಿತು. ನಾನು ಅಷ್ಟಕ್ಕೇ ಒಪ್ಪಿಬಿಟ್ಟೆ.

ಗುರಿ ಅಭ್ಯಾಸದ ರೇಂಜಿನಲ್ಲಿ ಮೂರನೇ ಗುಂಡು ಹೊಡೆದಾಗ ಪಕ್ಕದಲ್ಲಿ ನಿಂತಿದ್ದ ನನ್ನ ತಮ್ಮ, ಕೆನ್ನೆ ಹಿಡಿದುಕೊಂಡ. ಸೀಸದ ಚೂರು, ಎಳ್ಳಿನಷ್ಟು. ಒಂದು ಹನಿ ರಕ್ತ. ಕಣ್ಣಿಗೂ ಅದಕ್ಕೂ ಎರಡೇ ಬೆರಳು ಅಂತರ. ನನ್ನ ಕೈ ನಡುಗಿದ್ದು ಮನೆಗೆ ಬಂದರೂ ನಿಲ್ಲಲಿಲ್ಲ.

ರಿಪೇರಿಯವರು ಬಿಚ್ಚಿ ತೋರಿಸಿದರು. ಸಿಲಿಂಡರ್ ಅಂದರೆ ಗುಂಡು ತುಂಬುವ, ತಿರುಗುವ ಉರುಳೆ. ಅದರ ಕುಳಿ ನಳಿಗೆಗೆ ನೇರ ಬರುತ್ತಿರಲಿಲ್ಲ. ಗುಂಡು ನಳಿಗೆಯ ಅಂಚಿಗೆ ಉಜ್ಜಿ, ಎರಡರ ನಡುವಿನ ಸಂದಿನಿಂದ ಸೀಸ ಹಾರುತ್ತಿತ್ತು. ಸವೆದದ್ದೆಲ್ಲ ಹೊಸ ಪಾಲಿಷಿನ ಅಡಿಯಲ್ಲಿ ಮುಚ್ಚಿಹೋಗಿತ್ತು.

ಇದನ್ನು ಕೊಳ್ಳುವ ಮುಂಚೆಯೇ ನೋಡಬಹುದಿತ್ತು. ಮೊದಲು ತೆರೆದು ಆರೂ ಕುಳಿ ಖಾಲಿ ಇವೆಯೇ ಅಂತ ಮಾರುವವರು, ಕೊಳ್ಳುವವರು ಇಬ್ಬರೂ ನೋಡಿ. ಮುಚ್ಚಿ, ಗೋಡೆಯ ಕಡೆ ತಿರುಗಿಸಿ, ಹ್ಯಾಮರ್ (ಹಿಂದೆ ಇರುವ, ಬಡಿಯುವ ಸುತ್ತಿಗೆ) ಮೆಲ್ಲನೆ ಹಿಂದಕ್ಕೆ ಎಳೆಯಿರಿ. ಸಿಲಿಂಡರ್ ಕಟಕ್ ಎಂದು ನಿಲ್ಲಬೇಕು. ಆಗ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ನನ್ನದು ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು! ಆರೂ ಕುಳಿಗೆ ಹೀಗೇ ಮಾಡಿ. ಈ ಮಾದರಿ ಮಡಚಿ ತೆರೆಯುವಂಥದ್ದು, ಹಾಗಾಗಿ ನಳಿಗೆ ಹಿಡಿದು ಕೀಲು, ಮೇಲಿನ ಕೊಂಡಿ ಸಡಿಲವಿದೆಯಾ ಅಂತಲೂ ನೋಡಿ. ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಇನ್ನೊಂದು, ನಮ್ಮ ಗಡಿಯವರಿಗೆ. ಏನೇ ರಿಪೇರಿಗೂ ನಾವು ಮಂಗಳೂರಿಗೆ ಓಡುವವರು, ಅಲ್ವಾ? ಲೈಸೆನ್ಸಿನಲ್ಲಿ ಯಾವ ಊರಿನವರೆಗೆ ಅಂತ ಬರೆದಿರುತ್ತದೆ. ನನ್ನದರಲ್ಲಿ ಕೇರಳ ಮಾತ್ರ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಒಯ್ದರೆ ನಾನೇ ಕೇಸಿನಲ್ಲಿ ಸಿಕ್ಕಿಬೀಳುತ್ತೇನೆ.

ಮಾರಿದವರು ಈಗ ಫೋನ್ ಎತ್ತುವುದಿಲ್ಲ. ರಿವಾಲ್ವರ್ ಸ್ಟೇಷನ್ನಿನಲ್ಲಿ ಡೆಪಾಸಿಟ್ ಇದೆ.