ಗಾಳಿಯಾಡದ ಮೂರು ಪದರದ ಚೀಲ: ನಮ್ಮ ಭಾಗದ ಶೇಂಗಾಕ್ಕೆ ಎಷ್ಟು ಯೋಗ್ಯ?

ಯಾದಗಿರಿಯ ಕೃಷಿ ಸಾಮಗ್ರಿ ಅಂಗಡಿಯೊಂದರಲ್ಲಿ ಕೊಂಡ ಗಾಳಿಯಾಡದ ಚೀಲಗಳಲ್ಲಿ ನಮ್ಮ ಮನೆಯ ಬೇಸಿಗೆ ಶೇಂಗಾವನ್ನು ಮಳೆಗಾಲ ಮುಗಿಯುವವರೆಗೆ ಇಟ್ಟು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಹೊರಗೆ ಹೆಣಿಗೆಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದರಲ್ಲೊಂದು ಎರಡು ದಪ್ಪ ಪಾಲಿಥೀನ್ ಚೀಲ, ರಚನೆ ಇಷ್ಟೇ. ಚೀಲ ಚೆನ್ನಾಗಿದೆ. ಆದರೆ ಇದರಲ್ಲಿಟ್ಟರೆ ಬೂಷ್ಟಿನ ವಿಷದ ಭಯವೇ ಇಲ್ಲ ಎಂದು ಅಂಗಡಿಯವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ಶೇಂಗಾಕ್ಕೆ ಹತ್ತುವ ಹಳದಿ ಮಿಶ್ರಿತ ಹಸಿರು ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ತಯಾರಿಸುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತ ನಂತರ ನಡೆದ ಹುಡುಕಾಟದಲ್ಲಿ ಇದು ಪತ್ತೆಯಾಯಿತು. ಈ ವಿಷಕ್ಕೆ ಬೇಕಾದ ಇಪ್ಪತ್ತೈದರಷ್ಟು ಜೀನ್‌ಗಳು ಬೂಷ್ಟಿನ ಒಂದೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಅವುಗಳನ್ನು ಚಾಲೂ ಮಾಡುವ ಜೀನ್ ಅಫ್ಲ್-ಆರ್. ಅದಕ್ಕೂ ಮೇಲಿನದು ಲೇ-ಎ. ಲೇ-ಎ ಇಂಥ ವಿಷಗಳ ಮೇಲಧಿಕಾರಿ ಎಂಬುದನ್ನು 2004ರಲ್ಲಿ ಅಮೆರಿಕದ ಜಿನ್ ವೂ ಬೊಕ್ ಮತ್ತು ನ್ಯಾನ್ಸಿ ಕೆಲ್ಲರ್ ತೋರಿಸಿಕೊಟ್ಟರು. 2008ರಲ್ಲಿ ಇದೇ ಕುಲದ ಇನ್ನೊಂದು ಬೂಷ್ಟಿನಲ್ಲಿ ಕಂಡ ಸಂಗತಿ ನನಗೆ ಅತ್ಯಂತ ಬೆರಗಿನದು: ಬೆಳಕಿನಲ್ಲಿ ಬಹುಪಾಲು ಕೋಶಕೇಂದ್ರದ ಹೊರಗೇ ಉಳಿಯುವ ವೀ-ಎ ಎಂಬ ಪ್ರೋಟೀನು ಕತ್ತಲಾದಾಗ ವೆಲ್-ಬಿ ಎಂಬ ಜೊತೆಗಾರನೊಂದಿಗೆ ಒಳಗೆ ಹೋಗಿ ಲೇ-ಎಯನ್ನು ಕೂಡಿಕೊಳ್ಳುತ್ತದೆ, ಆಗ ವಿಷ ತಯಾರಿಯೂ ಸಂತಾನದ ರಚನೆಯೂ ಒಟ್ಟೊಟ್ಟಿಗೆ ನಡೆಯುತ್ತವೆ. ಫ್ಲೇವಸ್‌ನಲ್ಲಿ ವೀ-ಎ ಜೀನನ್ನು ತೆಗೆದುಹಾಕಿದರೆ ಅಫ್ಲಾಟಾಕ್ಸಿನ್ ನಿಂತುಹೋಗುತ್ತದೆ, ಬರಗಾಲ ಕಳೆಯಲು ಅದು ಮಾಡಿಕೊಳ್ಳುವ ಗಟ್ಟಿ ಕಪ್ಪು ಗಂಟುಗಳೂ ಹುಟ್ಟುವುದಿಲ್ಲ.

ಯಾವ ಚೀಲದ ಒಳಗೂ ಕತ್ತಲೆಯೇ. ಆ ಮಟ್ಟಿಗೆ ಬೂಷ್ಟಿಗೆ ಅನುಕೂಲವೇ ಇದೆ. ಹಾಗೆಂದು ಬೆಳಕಿನಲ್ಲಿಟ್ಟರೆ ಶೇಂಗಾ ಉಳಿಯುತ್ತದೆ ಎಂದು ಯಾರೂ ತಿಳಿಯಬಾರದು. ನಮ್ಮ ಕೈಯಲ್ಲಿರುವುದು ನೀರು ಮತ್ತು ಆಮ್ಲಜನಕ. ಕಾಳಿನ ತೇವಾಂಶ 7 ಪ್ರತಿಶತದ ಆಸುಪಾಸಿಗೆ ಇಳಿದರೆ ಫ್ಲೇವಸ್ ಬೆಳೆಯಲಾರದು. ಅಫ್ಲಾಟಾಕ್ಸಿನ್ ತಯಾರಾಗುವ ಹಲವು ಹಂತಗಳಿಗೆ ಆಮ್ಲಜನಕವೂ ಬೇಕು; ಬಾಯಿ ಬಿಗಿದ ಚೀಲದಲ್ಲಿ ಕಾಳು, ಹುಳುಗಳ ಉಸಿರಾಟದಿಂದ ಅದು ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿಟ್ಟು ಬಾಯಿ ಮುಚ್ಚುತ್ತಿದ್ದುದರ ಹಿಂದೆಯೂ ಇದೇ ತತ್ವವಿತ್ತು.

ಗೋಣಿಚೀಲದಲ್ಲಿಟ್ಟ ಶೇಂಗಾ ಆಷಾಢದ ಜಿಟಿಜಿಟಿ ಮಳೆಗೆ ಮೆತ್ತಗಾಗಿ ಮುಗ್ಗು ವಾಸನೆ ಹಿಡಿದರೆ, ಈ ಚೀಲದ ಶೇಂಗಾ ಬಿಚ್ಚಿದಾಗಲೂ ಗಲಗಲ ಎನ್ನುತ್ತಿತ್ತು. ಒಡೆದು ನೋಡಿದರೆ ಕಾಳಿನ ಕೆಂಪು ಸಿಪ್ಪೆ ಬೆರಳಿಗೆ ಸುಲಭವಾಗಿ ಉದುರುತ್ತಿತ್ತು. ಹುಳು ಕಾಣಲಿಲ್ಲ. ಆದರೆ ಸುರಪುರ, ಶಹಾಪುರದ ಕಾಲುವೆ ನೀರಿನ ಬೇಸಿಗೆ ಶೇಂಗಾ ಕೀಳುವ ಹೊತ್ತಿಗೆ ಅಕಾಲದ ಮಳೆ ಬಂದರೆ, ಅರ್ಧ ಒಣಗಿದ ಕಾಯಿಯನ್ನು ಅವಸರದಲ್ಲಿ ತುಂಬುವವರಿಗೆ ಇದು ಸಾಮಾನ್ಯ ಚೀಲಕ್ಕಿಂತ ಅಪಾಯಕಾರಿ, ಏಕೆಂದರೆ ಒಳಗಿನ ಹಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಹೊಲದಲ್ಲೇ, ಕಾಯಿ ಬಲಿಯುವಾಗ ನೀರಿನ ಕೊರತೆಯಾಗಿ ಸೇರಿಕೊಂಡ ವಿಷವನ್ನಂತೂ ಯಾವ ಚೀಲವೂ ತೆಗೆಯಲಾರದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಿದ ಕಾಳನ್ನು ಆಕಳಿಗೆ ಹಾಕುವುದೂ ಸರಿಯಲ್ಲ. ವಿಷದ ಒಂದು ರೂಪ ಹಾಲಿಗೆ ಇಳಿಯುತ್ತದೆ.

ಚೀಲದ ದೋಷಗಳನ್ನೂ ಹೇಳಬೇಕು. ಶೇಂಗಾಕಾಯಿಯ ಚೂಪು ಮೂತಿ ಒಳಪದರವನ್ನು ಚುಚ್ಚುತ್ತದೆ. ನಮ್ಮ ಒಂದು ಚೀಲದ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡವು. ಆದ್ದರಿಂದ ತುಂಬುವ ಮೊದಲು ಒಳಚೀಲಕ್ಕೆ ಗಾಳಿ ತುಂಬಿ, ಬಾಯಿ ಹಿಡಿದು ಅದುಮಿ ನೋಡುವುದು ಒಳ್ಳೆಯದು. ಇಲಿಗೆ ಇದು ತಡೆಯಲ್ಲ. ಎರಡೂ ಒಳಚೀಲಗಳ ಬಾಯಿಯನ್ನು ಬೇರೆಬೇರೆಯಾಗಿ, ಗಾಳಿ ಹೊರಗೆ ಒತ್ತಿ, ತಿರುಚಿ, ಮಡಚಿ ಕಟ್ಟಬೇಕು. ಎರಡನ್ನೂ ಸೇರಿಸಿ ಒಂದೇ ಗಂಟು ಹಾಕಿದರೆ ಪ್ರಯೋಜನ ಅರ್ಧವೂ ಉಳಿಯದು. ಪದೇಪದೇ ಬಿಚ್ಚಿದರೆ ಗಾಳಿ ಒಳಗೆ ಸೇರುವುದರಿಂದ ದಿನದ ಅಡುಗೆಯ ಶೇಂಗಾಕ್ಕೆ ಬೇರೆ ಡಬ್ಬಿಯೇ ಬೇಕು. ಇಷ್ಟೆಲ್ಲ ಗೊತ್ತಿರಬೇಕಾದ ವಸ್ತುವಿನ ಮೇಲೆ ಕನ್ನಡದಲ್ಲಿ ಒಂದು ಸಾಲೂ ಅಚ್ಚಾಗಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಬೆಲೆ ಗೋಣಿಚೀಲಕ್ಕಿಂತ ಹೆಚ್ಚು; ತೂತಾಗದಿದ್ದರೆ ಮುಂದಿನ ಬೆಳೆಗೂ ಬರುತ್ತದೆ. ಮಳೆಗಾಲ ದಾಟಿಸಬೇಕಾದ ಶೇಂಗಾಕ್ಕೆ, ಚೆನ್ನಾಗಿ ಒಣಗಿಸಿ, ಜೊಳ್ಳು, ಸುಕ್ಕು, ಒಡಕು ಕಾಳು ಆರಿಸಿ ತೆಗೆದವರು ಕೊಳ್ಳಬಹುದು. ಕಣದಿಂದ ನೇರವಾಗಿ ಮಾರುಕಟ್ಟೆಗೆ ಒಯ್ಯುವವರಿಗೆ ಇದರ ಅಗತ್ಯವಿಲ್ಲ.