ರೊಟ್ಟಿಗೆ ವಿಮಾನ, ಕೌದಿಗೆ ಹಡಗು: ಹುಬ್ಬಳ್ಳಿಯಿಂದ ಲಂಡನ್ನಿಗೆ ಸರಕು ಕಳಿಸಿದ ಅನುಭವ

2024ರ ಮಾರ್ಚ್, ಸಂಜೆ ಹೊತ್ತು. ಲಂಡನ್ನಿನಲ್ಲಿ ನಮ್ಮ ರೊಟ್ಟಿ ಮಾರುವ ಅಂಗಡಿಯವರು ವಿಡಿಯೋ ಕಾಲ್ ಮಾಡಿದರು. ಅವರೂ ಗದಗ ಕಡೆಯವರೇ. ಒಂದು ಖಡಕ್ ರೊಟ್ಟಿ ಕೈಯಲ್ಲಿ ಹಿಡಿದು, "ಅಕ್ಕಾರ, ನೋಡ್ರಿಲ್ಲೆ. ಮುರಿಯವಲ್ದು, ಬಾಗಾಕತ್ತೇತಿ" ಅಂದರು. ಜೋಳದ ಖಡಕ್ ರೊಟ್ಟಿ ಚಪಾತಿ ಹಾಗೆ ಮಡಚಿಕೊಳ್ಳುತ್ತಿತ್ತು. ಒಂಬತ್ತು ಪೆಟ್ಟಿಗೆ, 2,700 ರೊಟ್ಟಿ, ಎಂಟು ಜನ ಹೆಣ್ಣುಮಕ್ಕಳು ಮೂರು ದಿನ ಕೂತು ಬಡಿದದ್ದು. ಕೆಲವು ಪ್ಯಾಕೆಟ್ಟಿಗೆ ಬೂಸ್ಟು ಹಿಡಿದಿತ್ತು. ಎಲ್ಲವನ್ನೂ ಎಸೆಯಿರಿ ಅಂತ ನಾನೇ ಹೇಳಿದೆ. ಆ ರಾತ್ರಿ ಊಟ ಸೇರಲಿಲ್ಲ.

ಅವು ಹಡಗಿನಲ್ಲಿ ಹೋದ ರೊಟ್ಟಿ. ಬಾಡಿಗೆ ಕಡಿಮೆ ಅಂತ ನಾನೇ ಆರಿಸಿದ್ದು.

ಐಇಸಿ, ಎಲ್‌ಯುಟಿ, ಎಫ್‌ಎಸ್‌ಎಸ್‌ಎಐ ಅನ್ನುವ ರಫ್ತು ನೋಂದಣಿ, ತೆರಿಗೆ, ಆಹಾರ ಪರವಾನಗಿಯ ಕಾಗದಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಡುತ್ತೇನೆ. ನನ್ನಂಥ ಸಣ್ಣವರಿಗೆ ಪೂರ್ತಿ ಕಂಟೇನರ್ ತುಂಬಿಸಲು ಆಗುವುದಿಲ್ಲ. ಹತ್ತಾರು ಜನರ ಸರಕಿನ ಜೊತೆ ನಮ್ಮದನ್ನೂ ಸೇರಿಸುವ ಎಲ್‌ಸಿಎಲ್‌ನಲ್ಲೇ ಹೋಗಬೇಕು. ಅಲ್ಲಿ ಲೆಕ್ಕ ಘನ ಮೀಟರಿನದು, ಸರಕು ಸಾಗಿಸುವ ಏಜೆಂಟರು ಅದನ್ನು ಸಿಬಿಎಂ ಅನ್ನುತ್ತಾರೆ. ಅರ್ಧ ಸಿಬಿಎಂ ಕಳಿಸಿದರೂ ಸಾಮಾನ್ಯವಾಗಿ ಒಂದರ ದುಡ್ಡು. ನನ್ನ ರೊಟ್ಟಿ ಪೆಟ್ಟಿಗೆ 60×45×40 ಸೆಂ.ಮೀ., ಒಂಬತ್ತು ಸೇರಿದರೆ ಒಂದು ಸಿಬಿಎಂಗೆ ಚೂರು ಕಡಿಮೆ. ಸರಿಯಾಗಿ ಕೂತಿತಲ್ಲ ಅಂತ ಖುಷಿಪಟ್ಟಿದ್ದೆ.

ಹಾಳಾದದ್ದು ಎರಡು ಕಾರಣಕ್ಕೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದ್ದವು. ನಮಗೆ ತಿಂಗಳು ಅಂದಿದ್ದರು, ಪೆಟ್ಟಿಗೆ ಅಂಗಡಿ ಮುಟ್ಟಿದ್ದು 61ನೇ ದಿನ. ಎರಡನೆಯದು ಕಂಟೇನರಿನ ಬೆವರು. ಮುಂಬೈ ಪಕ್ಕದ ನವಾ ಶೇವಾ ಬಂದರಿನಲ್ಲಿ ತುಂಬುವಾಗ ಒಳಗೆ ಸಿಕ್ಕಿಕೊಂಡ ತೇವದ ಗಾಳಿ ಬಿಸಿ ಕಡಲಲ್ಲಿ ಕಾದು, ಚಳಿಯ ನೀರಿಗೆ ಹೋದಾಗ ತಣ್ಣಗಾದ ಕಬ್ಬಿಣದ ಚಾವಣಿಗೆ ಹನಿಗಟ್ಟಿ ಕೆಳಗಿನ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಸ್ವಂತ ಕಂಟೇನರ್ ಆದರೆ ತೇವ ಹೀರುವ ಚೀಲ ನೇತುಹಾಕಬಹುದು. ಪಾಲಿನ ಕಂಟೇನರಿನಲ್ಲಿ ಪಕ್ಕದವರು ಏನು ಇಟ್ಟಿದ್ದಾರೆ ಅನ್ನುವುದೂ ನಮ್ಮ ಕೈಯಲ್ಲಿಲ್ಲ. ಆ ರೊಟ್ಟಿಗೆ ರಬ್ಬರಿನ ವಾಸನೆಯೂ ಹತ್ತಿತ್ತಂತೆ. ಸಾಲದ್ದಕ್ಕೆ ಅಲ್ಲಿನ ಗೋದಾಮಿನ ಖರ್ಚು ಅಂತ ಅಂಗಡಿಯವರಿಗೆ ಇನ್ನೊಂದು ಬಿಲ್ಲು. ಇಲ್ಲಿ ದರ ಕೇಳುವಾಗ ನನ್ನ ಏಜೆಂಟರು ಆ ಮಾತು ಎತ್ತಿರಲೇ ಇಲ್ಲ. ನೀವು ದರ ಕೇಳುವಾಗ ಆಚೆ ಕಡೆಯ ಖರ್ಚನ್ನೂ ಬರೆದು ಕೊಡಿ ಅನ್ನಿ.

ಆಮೇಲೆ ರೊಟ್ಟಿ ವಿಮಾನಕ್ಕೆ ಬಂತು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ರೊಟ್ಟಿ ಘಟಕದ ಮೇಲೇ ವಿಮಾನ ಹಾರುತ್ತವೆ, ಆದರೆ ಲಂಡನ್ನಿನ ಸರಕು ರಾತ್ರಿ ಲಾರಿಯಲ್ಲಿ 400 ಕಿ.ಮೀ. ದಾಟಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹತ್ತಬೇಕು. ಹಾಗಿದ್ದೂ ವಾರದೊಳಗೆ ಮುಟ್ಟುತ್ತದೆ, ಕಟಕ್ ಅಂತ ಮುರಿಯುತ್ತದೆ. ಬಾಡಿಗೆ ಮಾತ್ರ ಎದೆ ಒಡೆಯುವಂಥದು. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ ಬೀಳುವ ಬಾಡಿಗೆ ರೊಟ್ಟಿಯ ಬೆಲೆಯನ್ನೇ ಮೀರಿಸುತ್ತಿತ್ತು. ತೂಕ ಹೆಚ್ಚಿಲ್ಲವಲ್ಲ ಅಂತ ತಲೆ ಕೆಡಿಸಿಕೊಂಡೆ. ವಿಮಾನದವರು ತೂಕ ನೋಡುತ್ತಾರೆ, ಜಾಗವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಜಾಗದ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 9 ಕೆ.ಜಿ. ತೂಗುವ ನನ್ನ ರೊಟ್ಟಿ ಪೆಟ್ಟಿಗೆಗೆ ನಾನು 18 ಕೆ.ಜಿ. ದುಡ್ಡು ಕಟ್ಟುತ್ತಿದ್ದೆ. ಕೊರಿಯರ್‌ನವರು 5000ದಿಂದ ಭಾಗಿಸುತ್ತಾರೆ, ಅಲ್ಲಿ ಇನ್ನೂ ಹೆಚ್ಚು.

ದಾರಿ ತೋರಿಸಿದ್ದು ಶೇಂಗಾ ಚಟ್ನಿ. ಚಟ್ನಿಪುಡಿ ಪೆಟ್ಟಿಗೆ ಸಣ್ಣದು, 40×30×30. ಜಾಗದ ಲೆಕ್ಕದಲ್ಲಿ 6 ಕೆ.ಜಿ., ತೂಕ 15 ಕೆ.ಜಿ. ನಾಲ್ಕು ರೊಟ್ಟಿ ಪೆಟ್ಟಿಗೆ, ಎಂಟು ಚಟ್ನಿ ಪೆಟ್ಟಿಗೆ ಬೇರೆ ಬೇರೆ ಕಳಿಸಿದರೆ 72 ಮತ್ತು 120, ಒಟ್ಟು 192 ಕೆ.ಜಿ.ಗೆ ಬಾಡಿಗೆ. ಒಂದೇ ಏರ್‌ವೇ ಬಿಲ್ಲಿನಲ್ಲಿ, ಅಂದರೆ ವಿಮಾನ ಸರಕಿನ ಒಂದೇ ರಸೀದಿಯಲ್ಲಿ, ಕಳಿಸಿದರೆ ಇಡೀ ಸರಕಿನ ಲೆಕ್ಕ ಒಟ್ಟಿಗೆ: ತೂಕ 156, ಜಾಗ 120. ಕಟ್ಟುವುದು 156ಕ್ಕೆ. ಚಟ್ನಿಯ ಭಾರ ರೊಟ್ಟಿಯ ಜಾಗವನ್ನು ನುಂಗಿಬಿಟ್ಟಿತು. ಮೊದಲ ಸಲ ಈ ಲೆಕ್ಕ ಹಾಕಿದಾಗ ತಪ್ಪಿರಬೇಕು ಅಂತ ಮೂರು ಸಲ ಕೂಡಿಸಿದೆ. ಈಗ ಹಂಚಿನ ಪಕ್ಕದ ಮೊಳೆಗೆ ಅಳತೆ ಟೇಪು ತೂಗುಹಾಕಿದ್ದೇನೆ. ಪೆಟ್ಟಿಗೆಯ ಬಾಯಿ ಮುಚ್ಚಿದ ಮೇಲೆ ಉಬ್ಬಿದ ಕಡೆಯಿಂದಲೇ ಅಳೆಯುತ್ತೇನೆ, ಅವರೂ ಅಲ್ಲಿಂದಲೇ ಅಳೆಯುವುದು. ಅಗಸಿ, ಗುರೆಳ್ಳು ಚಟ್ನಿಗೆ ಆರ್ಡರ್ ಎಷ್ಟಿದೆ ನೋಡಿಕೊಂಡೇ ರೊಟ್ಟಿಯ ಹಿಟ್ಟು ಕಲಸುವುದು.

ಇಷ್ಟು ಬೈದರೂ ಹಡಗನ್ನು ನಾನು ಬಿಟ್ಟಿಲ್ಲ. ಕಾರಣ ಕೌದಿ. ನಮ್ಮ ಅತ್ತೆ, ಓಣಿಯ ಹೆಂಗಸರು ಹಳೇ ಸೀರೆ ಸೇರಿಸಿ ಹೊಲಿಯುವ ಕೌದಿ ಮೂರು ಕೆ.ಜಿ., ಮಡಚಿದರೆ 50×40×20. ಒಂದು ಸಿಬಿಎಂನಲ್ಲಿ 25 ಕೂಡುತ್ತವೆ. ತೂಕ 75 ಕೆ.ಜಿ., ವಿಮಾನದವರು ಕೇಳುವುದು 167ರ ಬಾಡಿಗೆ. ಕೌದಿಗೆ ಅವಸರವಿಲ್ಲ. ಎರಡು ಪದರ ಪ್ಲಾಸ್ಟಿಕ್, ಒಳಗೆ ತೇವ ಹೀರುವ ಪೊಟ್ಟಣ, ಅಷ್ಟೇ. ಹುಳ ಬೀಳದಿರಲಿ ಅಂತ ಅತ್ತೆ ಮಡಿಕೆಯಲ್ಲಿ ಬೇವಿನ ಎಲೆ ಇಟ್ಟಿದ್ದರು, ಎಲೆ ಕಂಡರೆ ಸಸ್ಯ ಕ್ವಾರಂಟೈನಿನವರ, ಅಂದರೆ ಗಿಡ-ಎಲೆ ತಪಾಸಣೆಯವರ, ತಕರಾರು ಬರುತ್ತದೆ ಅಂತ ಒಂದೊಂದೇ ತೆಗೆಸಿದೆ.

ಕೌದಿ ಹೊರಟ ಮೇಲೆ ಮುಂಜಾನೆಯ ಚಹಾ ಹೊತ್ತಿಗೆ ಫೋನಿನಲ್ಲಿ ಹಡಗಿನ ಚುಕ್ಕೆ ನೋಡುವುದು ನಮ್ಮ ಮನೆಯ ರೂಢಿ. ಅತ್ತೆ ಕನ್ನಡಕ ಏರಿಸಿ, "ಎಲ್ಲಿಗೆ ಬಂತವಾ ನಮ್ಮ ಹಡಗಾ?" ಅಂತ ಕೇಳುತ್ತಾರೆ. ನಾನು ಚುಕ್ಕೆ ತೋರಿಸುತ್ತೇನೆ. ಮೊನ್ನೆ ಅದು ಆಫ್ರಿಕಾದ ಕೆಳ ತುದಿ ದಾಟಿ ಮೇಲಕ್ಕೆ ತಿರುಗಿತ್ತು. ಅತ್ತೆ ಓಣಿಗೆಲ್ಲ ಹೇಳಿ ಬಂದರು.